ಪಿಯುಸಿ ನಂತರದ ಎಂಜಿನಿಯರಿಂಗ್ ಸೀಟು: ಸಿಇಟಿ, ಕಾಮೆಡ್‌ಕೆ, ಮ್ಯಾನೇಜ್‌ಮೆಂಟ್ ದಾರಿಗಳ ಹೋಲಿಕೆ

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ನಾನು ಗಣಿತ ಪಾಠ ಮಾಡುವ ಪಿಯು ಕಾಲೇಜಿನ ಸ್ಟಾಫ್ ರೂಮಿಗೆ ಪೋಷಕರು ಬರತೊಡಗುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಬಾಯಲ್ಲಿ ಒಂದೇ ಪ್ರಶ್ನೆ: ‘ಯಾವ ಕಾಲೇಜು ಒಳ್ಳೆಯದು ಸರ್?’ ಈ ಪ್ರಶ್ನೆಗೆ ನಾನು ನೇರ ಉತ್ತರ ಕೊಡುವುದನ್ನು ಬಿಟ್ಟು ಬಹಳ ವರ್ಷಗಳಾದವು. ಕರ್ನಾಟಕದಲ್ಲಿ ಒಂದೇ ಎಂಜಿನಿಯರಿಂಗ್ ಕಾಲೇಜಿನ ಒಂದೇ ಬೆಂಚಿನಲ್ಲಿ ಕೂತ ಮೂವರು ಮೂರು ಬೇರೆ ದಾರಿಗಳಿಂದ ಬಂದಿರುತ್ತಾರೆ. ಅವರಲ್ಲಿ ಒಬ್ಬರು ನಾಲ್ಕು ವರ್ಷಕ್ಕೆ ಕಟ್ಟುವ ಶುಲ್ಕವನ್ನು ಇನ್ನೊಬ್ಬರು ಎರಡೇ ವರ್ಷಕ್ಕೆ, ಮತ್ತೊಬ್ಬರು ಒಂದೇ ವರ್ಷಕ್ಕೆ ಕಟ್ಟಿರುವುದುಂಟು. ಪಾಠ ಅದೇ, ಪ್ರಯೋಗಾಲಯ ಅದೇ, ಕೊನೆಯಲ್ಲಿ ಸಿಗುವ ಪದವಿ ಪತ್ರವೂ ಅದೇ. ಆದ್ದರಿಂದ ಕಾಲೇಜು ಕಾಲೇಜುಗಳನ್ನು ಹೋಲಿಸುವ ಮೊದಲು ಆ ಸೀಟಿಗೆ ಹೋಗುವ ದಾರಿಗಳನ್ನು ಹೋಲಿಸಬೇಕು, ಆಮೇಲೆ ಕಾಲೇಜು, ಆಮೇಲೆ ಬ್ರಾಂಚ್ ಎಂಬುದು ನನ್ನ ಕ್ರಮ. ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳನ್ನೂ ಅವರ ಮನೆಯವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ದಾರಿಗಳು ಎಷ್ಟು, ಯಾರಿಗೆ ಯಾವುದು

ಎಂಬತ್ತರ ದಶಕದಲ್ಲಿ ಕರ್ನಾಟಕದ ಖಾಸಗಿ ಕಾಲೇಜುಗಳು ಡೊನೇಷನ್ನಿಗೆ ದೇಶದಲ್ಲೆಲ್ಲ ಹೆಸರಾಗಿದ್ದವು. ರಾಜ್ಯವು 1984ರಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾನೂನು ತಂದಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿಯೂ 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿಯೂ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪುಗಳ ಬೆನ್ನಿಗೆ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಆರಂಭವಾಯಿತು. ಈಗ ಅದನ್ನು ನಡೆಸುವುದು ಮಲ್ಲೇಶ್ವರದಲ್ಲಿ ಕಚೇರಿ ಇರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ನಾವೆಲ್ಲ ಕೆಇಎ ಎನ್ನುತ್ತೇವೆ. ಈ ಹಳೆಯ ಕಥೆಯನ್ನು ಹೇಳುವುದಕ್ಕೆ ಕಾರಣವಿದೆ: ಇಂದಿನ ಸೀಟು ಹಂಚಿಕೆಯ ಲೆಕ್ಕವೆಲ್ಲ ಆ ಜಗಳದಿಂದಲೇ ಹುಟ್ಟಿದ್ದು.

ಅಲ್ಪಸಂಖ್ಯಾತ ಸಂಸ್ಥೆಗಳಲ್ಲದ ಖಾಸಗಿ ಅನುದಾನರಹಿತ ಕಾಲೇಜಿನಲ್ಲಿ ನೂರು ಸೀಟುಗಳಿದ್ದರೆ ಸ್ಥೂಲವಾಗಿ 45 ಸೀಟುಗಳನ್ನು ಸರ್ಕಾರದ ಪರವಾಗಿ ಕೆಇಎ ತುಂಬುತ್ತದೆ, 30 ಸೀಟುಗಳು ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್‌ಕೆಗೆ ಹೋಗುತ್ತವೆ, ಉಳಿದ 25 ಆಡಳಿತ ಮಂಡಳಿಯ ಕೈಯಲ್ಲಿರುತ್ತವೆ. ಅನಿವಾಸಿ ಭಾರತೀಯರ ಸೀಟುಗಳೂ ಈ ಕೊನೆಯ ಪಾಲಿನಲ್ಲಿಯೇ ಬರುತ್ತವೆ. ಸರ್ಕಾರಿ ಕಾಲೇಜುಗಳ ಸೀಟುಗಳಿಗೆ ಕೆಇಎ ದಾರಿಯೇ ಮುಖ್ಯ ದಾರಿ. ಖಾಸಗಿ ವಿಶ್ವವಿದ್ಯಾಲಯಗಳಾದವು ಒಂದು ಪಾಲನ್ನು ಕೆಇಎಗೆ ಕೊಟ್ಟು ಉಳಿದವನ್ನು ತಮ್ಮದೇ ಪರೀಕ್ಷೆಯಿಂದ ತುಂಬಿಕೊಳ್ಳುತ್ತವೆ. ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಅದರದೇ ಪರೀಕ್ಷೆ ಬರೆಯಬೇಕು. ಸುರತ್ಕಲ್‌ನ ಎನ್‌ಐಟಿಕೆಗೆ ಜೆಇಇ ಮೇನ್ಸ್ ಬೇಕು, ಅಲ್ಲಿ ಅರ್ಧ ಸೀಟುಗಳು ಕರ್ನಾಟಕದವರಿಗೆ ಮೀಸಲು. ಧಾರವಾಡದ ಐಐಟಿಗೆ ಜೆಇಇ ಅಡ್ವಾನ್ಸ್ಡ್ ಬೇಕು. ಇವೆರಡನ್ನು ಬೆನ್ನಟ್ಟುವವರ ತಯಾರಿಯೇ ಬೇರೆಯದಾದ್ದರಿಂದ ಇಲ್ಲಿ ಅವುಗಳನ್ನು ಇಷ್ಟಕ್ಕೇ ಬಿಡುತ್ತೇನೆ.

ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಕೇಳಲು ಅಂಕವೊಂದೇ ಸಾಲದು, ಅರ್ಹತೆಯ ಷರತ್ತನ್ನೂ ಪೂರೈಸಬೇಕು. ಬಹುಪಾಲು ವಿದ್ಯಾರ್ಥಿಗಳು ಬರುವುದು ಏಳು ವರ್ಷದ ಷರತ್ತಿನಡಿ: ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಒಟ್ಟು ಏಳು ವರ್ಷವಾದರೂ ಕರ್ನಾಟಕದಲ್ಲಿ ಓದಿ, ಎಸ್ಸೆಸ್ಸೆಲ್ಸಿಯನ್ನೋ ದ್ವಿತೀಯ ಪಿಯುಸಿಯನ್ನೋ ಇಲ್ಲಿಯೇ ಪಾಸು ಮಾಡಿರಬೇಕು. ಕಾಸರಗೋಡು, ಅಕ್ಕಲಕೋಟೆ, ಜತ್ತ ಮುಂತಾದ ಕಡೆಯ ಗಡಿನಾಡ ಕನ್ನಡಿಗರಿಗೂ ಹೊರನಾಡ ಕನ್ನಡಿಗರಿಗೂ ಪ್ರತ್ಯೇಕ ಷರತ್ತುಗಳಿವೆ; ಅವರು 50 ಅಂಕಗಳ ಕನ್ನಡ ಭಾಷಾ ಪರೀಕ್ಷೆಯನ್ನು ಹೆಚ್ಚುವರಿಯಾಗಿ ಬರೆಯಬೇಕು. ದುಬೈಯಲ್ಲೋ ಪುಣೆಯಲ್ಲೋ ಓದಿ ಬೆಳೆದು ಈ ಯಾವ ಷರತ್ತಿಗೂ ಒಳಪಡದ ಕನ್ನಡಿಗರ ಮಕ್ಕಳಿಗೆ ಕಾಮೆಡ್‌ಕೆಯೇ ಸಹಜವಾದ ದಾರಿ, ಏಕೆಂದರೆ ಅದು ದೇಶದ ಎಲ್ಲರಿಗೂ ತೆರೆದಿದೆ. ಅಂಥ ಮನೆಗಳವರು ಸಿಇಟಿ ಅರ್ಜಿ ಹಾಕಿ, ರ‍್ಯಾಂಕ್ ಬಂದ ಮೇಲೆ ದಾಖಲೆ ಪರಿಶೀಲನೆಯ ಹೊತ್ತಿಗೆ ಷರತ್ತಿನ ವಿಷಯ ತಿಳಿದು ಕಂಗಾಲಾಗುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಅರ್ಜಿಯ ದಿನವೇ ಆ ಪುಟವನ್ನು ಓದಿಕೊಂಡರೆ ಈ ಸಂಕಟವಿಲ್ಲ.

ಎರಡು ಪರೀಕ್ಷೆಗಳು, ಎರಡು ಸ್ವಭಾವ

ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎಂಬ ಮೂರು ವಿಷಯಗಳಿಗೆ ತಲಾ 60 ಪ್ರಶ್ನೆ, ತಲಾ 80 ನಿಮಿಷ, ಬೇರೆ ಬೇರೆ ಅವಧಿಗಳಲ್ಲಿ, ಒಎಂಆರ್ ಹಾಳೆಯ ಮೇಲೆ. ಕಾಮೆಡ್‌ಕೆಯಲ್ಲಿ ಅದೇ ಮೂರು ವಿಷಯಗಳ 180 ಪ್ರಶ್ನೆಗಳು ಒಂದೇ ಕೂರಿಕೆಯಲ್ಲಿ, ಕಂಪ್ಯೂಟರಿನ ಮುಂದೆ, 180 ನಿಮಿಷಗಳಲ್ಲಿ ಮುಗಿಯಬೇಕು. ಎರಡರಲ್ಲೂ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಸಿಇಟಿಯಲ್ಲಿ ಪ್ರಶ್ನೆಯೊಂದಕ್ಕೆ 80 ಸೆಕೆಂಡು ಸಿಕ್ಕರೆ ಕಾಮೆಡ್‌ಕೆಯಲ್ಲಿ 60 ಸೆಕೆಂಡು. ಆದರೆ ಅಲ್ಲಿ ರಸಾಯನಶಾಸ್ತ್ರವನ್ನು ಬೇಗ ಮುಗಿಸಿ ಉಳಿದ ಸಮಯವನ್ನು ಗಣಿತಕ್ಕೆ ಹಾಕಬಹುದು, ಸಿಇಟಿಯಲ್ಲಿ ಹಾಗೆ ಮಾಡಲಾಗದು.

ಇದಕ್ಕಿಂತ ದೊಡ್ಡ ವ್ಯತ್ಯಾಸ ರ‍್ಯಾಂಕ್ ಕಟ್ಟುವ ಬಗೆಯಲ್ಲಿದೆ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಪ್ರವೇಶ ಪರೀಕ್ಷೆಯ ಅಂಕ ಅರ್ಧ, ಪಿಯುಸಿಯ ಮೂರು ವಿಷಯಗಳ ಅಂಕ ಇನ್ನರ್ಧ. ಪಿಯುಸಿಯ ಮೂರು ವಿಷಯಗಳಲ್ಲಿ 300ಕ್ಕೆ 270 ಪಡೆದ ವಿದ್ಯಾರ್ಥಿನಿ ಸಿಇಟಿಯಲ್ಲಿ 180ಕ್ಕೆ 96 ಪಡೆದಳೆಂದುಕೊಳ್ಳಿ. ಮೊದಲನೆಯದು ಶೇ 90, ಅದರ ಅರ್ಧ 45. ಎರಡನೆಯದು ಶೇ 53.33, ಅದರ ಅರ್ಧ 26.67, ಒಟ್ಟು 71.67. ಅವಳ ಪಕ್ಕದ ಮನೆಯ ಹುಡುಗ ಪಿಯುಸಿಯಲ್ಲಿ 225 ಪಡೆದು ಸಿಇಟಿಯಲ್ಲಿ 120 ತೆಗೆದರೆ ಅವನ ಮೊತ್ತ 37.5ಕ್ಕೆ 33.33 ಸೇರಿ 70.83. ಪ್ರವೇಶ ಪರೀಕ್ಷೆಯಲ್ಲಿ 24 ಅಂಕ ಹಿಂದಿದ್ದರೂ ಸಿಇಟಿ ಪಟ್ಟಿಯಲ್ಲಿ ಅವಳೇ ಮುಂದೆ. ಕಾಮೆಡ್‌ಕೆಯಲ್ಲಿ ಪಿಯುಸಿ ಅಂಕ ಬೇಕಾಗುವುದು ಅರ್ಹತೆಗೆ ಮಾತ್ರ, ರ‍್ಯಾಂಕಿಗೆ ಪರೀಕ್ಷೆಯೊಂದೇ ಆಧಾರ. ಅಲ್ಲಿ ಇವರಿಬ್ಬರೂ ಇದೇ ಮಟ್ಟದಲ್ಲಿ ಬರೆದರೆ ಅವನು ಬಹಳ ಮುಂದೆ ಹೋಗುತ್ತಾನೆ. ಬರೆದು ಬರೆದು ಅಭ್ಯಾಸ ಮಾಡಿ ಬೋರ್ಡ್ ಪರೀಕ್ಷೆಯಲ್ಲಿ ಅಂಕ ತೆಗೆಯುವ ಮಕ್ಕಳಿಗೆ ಸಿಇಟಿ ತಾಯಿಯಿದ್ದಂತೆ. ಆಯ್ಕೆ ಪ್ರಶ್ನೆಗಳಲ್ಲಿ ಚುರುಕಾಗಿದ್ದು ಬೋರ್ಡ್ ಪರೀಕ್ಷೆಯಲ್ಲಿ ಎಡವಿದವರಿಗೆ ಕಾಮೆಡ್‌ಕೆ ಇನ್ನೊಂದು ಅವಕಾಶ ಕೊಡುತ್ತದೆ, ಆದರೆ ಬೆಲೆ ಹಚ್ಚಿ ಕೊಡುತ್ತದೆ.

ಮತ್ತೊಂದು ಲೆಕ್ಕವನ್ನೂ ನಾನು ತರಗತಿಯಲ್ಲಿ ಹೇಳುತ್ತಿರುತ್ತೇನೆ. ಸಿಇಟಿಯ ಒಂದು ಅಂಕವು ರ‍್ಯಾಂಕಿನ ಲೆಕ್ಕದಲ್ಲಿ ಪಿಯುಸಿಯ ಸುಮಾರು 1.67 ಅಂಕಕ್ಕೆ ಸಮ. ಪಿಯುಸಿ ಪರೀಕ್ಷೆ ಮುಗಿದ ಮೇಲೆ ಸಿಇಟಿಗೆ ಉಳಿಯುವ ಕೆಲವು ವಾರಗಳಲ್ಲಿ ಆರು ಪ್ರಶ್ನೆ ಹೆಚ್ಚು ಸರಿಮಾಡಲು ಕಲಿತರೆ ಅದು ಪಿಯುಸಿಯ ಹತ್ತು ಅಂಕಕ್ಕೆ ತೂಗುತ್ತದೆ.

ಮೀಸಲಾತಿಯ ವಿಚಾರದಲ್ಲಂತೂ ಎರಡು ದಾರಿಗಳಿಗೆ ಹೋಲಿಕೆಯೇ ಇಲ್ಲ. ಕೆಇಎ ಸೀಟಿನಲ್ಲಿ ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1, 2ಎ, 2ಬಿ, 3ಎ, 3ಬಿ ಮೀಸಲಾತಿಗಳ ಒಳಗೇ, ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಪಾಲು ಇದೆ. ಇವೆರಡೂ ಸಾಮಾನ್ಯ ವರ್ಗದವರಿಗೂ ಅನ್ವಯಿಸುತ್ತವೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಅರ್ಹರಿಗೆ ಸಂವಿಧಾನದ 371ಜೆ ವಿಧಿಯಡಿ ಆ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಮೀಸಲು. ಹಳ್ಳಿಯ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗನೊಬ್ಬನಿಗೆ ಈ ದಾರಿಯಲ್ಲಿ ಇಷ್ಟು ಬಾಗಿಲುಗಳಿರುವಾಗ, ಅವನ ತಂದೆ ಯಾರದೋ ಮಾತು ಕೇಳಿ ಜಮೀನು ಅಡವಿಟ್ಟು ಮ್ಯಾನೇಜ್‌ಮೆಂಟ್ ಸೀಟಿಗೆ ಮುಂಗಡ ಕೊಟ್ಟು ಬರುವುದು ನನಗೆ ಎಂದಿಗೂ ಸಹಿಸಲಾಗದ ಸಂಗತಿ.

ದುಡ್ಡಿನ ಲೆಕ್ಕ

ಶುಲ್ಕ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಏರುತ್ತದೆ, ಆದ್ದರಿಂದ ಇಲ್ಲಿ ಹೇಳುವುದೆಲ್ಲ ಅಂದಾಜು. ಕೆಇಎ ಮೂಲಕ ಸರ್ಕಾರಿ ಕಾಲೇಜಿನ ಸೀಟಿಗೆ ವರ್ಷಕ್ಕೆ ನಲವತ್ತು ಸಾವಿರದ ಆಸುಪಾಸು, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಒಂದು ಲಕ್ಷದ ಆಸುಪಾಸು, ಕಾಮೆಡ್‌ಕೆ ಸೀಟಿಗೆ ಎರಡರಿಂದ ಮೂರು ಲಕ್ಷದವರೆಗೆ ಹಿಡಿಯಬೇಕು. ಮ್ಯಾನೇಜ್‌ಮೆಂಟ್ ಸೀಟಿಗೆ ಹೆಸರಾಂತ ಕಾಲೇಜಿನಲ್ಲಿ ಬೇಡಿಕೆಯ ಬ್ರಾಂಚ್ ಕೇಳಿದರೆ ಹತ್ತಾರು ಲಕ್ಷದ ಮಾತು ಬರುತ್ತದೆ. ನಾಲ್ಕು ವರ್ಷಕ್ಕೆ ಗುಣಿಸಿ ನೋಡಿದರೆ ಸರ್ಕಾರಿ ಕಾಲೇಜಿನ ಸೀಟಿಗೂ ಕಾಮೆಡ್‌ಕೆ ಸೀಟಿಗೂ ಎಂಟು ಲಕ್ಷದಷ್ಟು ಅಂತರ ಬೀಳುತ್ತದೆ. ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದರೆ ತಿಂಗಳಿಗೆ ಎಂಟು ಹತ್ತು ಸಾವಿರ ಬೇರೆ. ಹಾಸನದಲ್ಲೋ ಬಾಗಲಕೋಟೆಯಲ್ಲೋ ಇದ್ದರೆ ಅದಕ್ಕಿಂತ ಕಡಿಮೆಯಲ್ಲಿ ನಡೆಯುತ್ತದೆ.

ಬಹಳ ಜನರ ಕಣ್ಣಿಗೆ ಬೀಳದ ಎರಡು ಅನುಕೂಲಗಳು ಕೆಇಎ ದಾರಿಯಲ್ಲಿವೆ. ಮೊದಲನೆಯದು ಅನುದಾನಿತ ಸೀಟು. ಬೆಂಗಳೂರಿನ ಬಿಎಂಎಸ್, ಮೈಸೂರಿನ ಎನ್‌ಐಇ, ಹಾಸನದ ಮಲೆನಾಡು, ಮಂಡ್ಯದ ಪಿಇಎಸ್, ಕಲಬುರಗಿಯ ಪಿಡಿಎ, ಬಾಗಲಕೋಟೆಯ ಬಸವೇಶ್ವರ ಕಾಲೇಜುಗಳಂಥ ಹಳೆಯ ಸಂಸ್ಥೆಗಳಲ್ಲಿ ಕೆಲವು ಬ್ರಾಂಚುಗಳಿಗೆ ಸರ್ಕಾರದ ಅನುದಾನವಿದ್ದು, ಆ ಸೀಟುಗಳಿಗೆ ಹೆಚ್ಚುಕಡಿಮೆ ಸರ್ಕಾರಿ ಕಾಲೇಜಿನ ಮಟ್ಟದ ಶುಲ್ಕವೇ ಇರುತ್ತದೆ. ಸೀಟು ಪಟ್ಟಿಯಲ್ಲಿ ಅದೇ ಕಾಲೇಜು, ಅದೇ ಬ್ರಾಂಚ್ ಎರಡು ಸಾಲುಗಳಲ್ಲಿ ಬೇರೆ ಬೇರೆ ಶುಲ್ಕದೊಂದಿಗೆ ಕಂಡರೆ ಅದನ್ನು ಮುದ್ರಣ ದೋಷವೆಂದು ಬಿಡಬಾರದು. ಕಡಿಮೆ ಶುಲ್ಕದ ಸಾಲನ್ನು ಮೇಲೆ ಹಾಕಿ, ಹೆಚ್ಚಿನದನ್ನು ಅದರ ಕೆಳಗೆ ಹಾಕಬೇಕು. ಎರಡನೆಯದು ಎಸ್‌ಎನ್‌ಕ್ಯು ಎಂದು ಕರೆಯುವ ಶೇ 5ರ ಹೆಚ್ಚುವರಿ ಸೀಟುಗಳು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು, ಅರ್ಜಿಯಲ್ಲಿ ಕೇಳಿದಾಗ ‘ಹೌದು’ ಎಂದು ಗುರುತು ಮಾಡಿದವರಿಗೆ ಮಾತ್ರ ಇವು ಸಿಗುತ್ತವೆ, ಸಿಕ್ಕರೆ ಬೋಧನಾ ಶುಲ್ಕ ಮಾಫಿ. ಆ ಒಂದು ಚೌಕದಲ್ಲಿ ಗುರುತು ಹಾಕಲು ಮರೆತವರನ್ನು ನಾನು ಬಲ್ಲೆ.

ಕಾಮೆಡ್‌ಕೆಯನ್ನು ನಾನು ಬೇಡವೆನ್ನುವುದಿಲ್ಲ. ಸಿಇಟಿ ರ‍್ಯಾಂಕಿನಲ್ಲಿ ಬೇಕಾದ ಬ್ರಾಂಚ್ ಸಿಗದೆ, ಮನೆಯಲ್ಲಿ ಸಾಲವಿಲ್ಲದೆ ವರ್ಷಕ್ಕೆ ಎರಡೂವರೆ ಲಕ್ಷ ಹೊಂದಿಸುವ ಶಕ್ತಿ ಇದ್ದರೆ, ಅದು ನ್ಯಾಯವಾದ ದಾರಿ: ರ‍್ಯಾಂಕ್ ಇದೆ, ಪ್ರಕಟವಾದ ಶುಲ್ಕವಿದೆ, ರಸೀದಿ ಇದೆ. ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಈ ಮೂರನ್ನೂ ನೀವೇ ಕೇಳಿ ಪಡೆಯಬೇಕಾಗುತ್ತದೆ. ಫಲಿತಾಂಶದ ದಿನ ಫೋನ್ ಮಾಡಿ ‘ಇವತ್ತು ಕೊಟ್ಟರೆ ಇಷ್ಟು, ನಾಳೆಯಾದರೆ ಇನ್ನಷ್ಟು’ ಎನ್ನುವ ಮಧ್ಯವರ್ತಿಗಳಿಗೆ ಹಣ ಕೊಡಲೇಬೇಡಿ. ಆ ದಾರಿಯಲ್ಲೇ ಹೋಗುವುದೆಂದು ತೀರ್ಮಾನಿಸಿದರೂ ಕಾಲೇಜಿನ ಕಚೇರಿಗೇ ಹೋಗಿ, ನಾಲ್ಕೂ ವರ್ಷದ ಶುಲ್ಕವನ್ನು ಬರಹದಲ್ಲಿ ಪಡೆದು, ಬ್ಯಾಂಕಿನ ಮೂಲಕವೇ ಕಟ್ಟಬೇಕು.

ಕಾಲೇಜನ್ನು ಅಳೆಯುವುದು

ಹಳೆಯ ಕಾಲೇಜುಗಳೆಲ್ಲ ಒಳ್ಳೆಯವು, ಹೊಸವೆಲ್ಲ ಕಳಪೆ ಎಂಬ ಮಾತು ನಮ್ಮಲ್ಲಿದೆ. ಅದರಲ್ಲಿ ಅರ್ಧ ಸತ್ಯವಿದೆ. ಬೆಂಗಳೂರಿನ ಕೆ.ಆರ್. ವೃತ್ತದಲ್ಲಿರುವ ಯುವಿಸಿಇಯನ್ನು ವಿಶ್ವೇಶ್ವರಯ್ಯನವರ ಕಾಲದಲ್ಲಿ, 1917ರಲ್ಲಿ ಸ್ಥಾಪಿಸಲಾಯಿತು. ಬಿಎಂಎಸ್ ಮತ್ತು ಎನ್‌ಐಇ ಎರಡೂ 1946ರವು. ಈಗ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿರುವ ಹುಬ್ಬಳ್ಳಿಯ ಬಿವಿಬಿ 1947ರದು. ದಾವಣಗೆರೆಯ ಯುಬಿಡಿಟಿ 1951ರದು. ಇವುಗಳಿಂದ ಹೊರಬಿದ್ದ ಸಾವಿರಾರು ಎಂಜಿನಿಯರುಗಳು ಇಂದು ಕೆಲಸ ಕೊಡುವ ಜಾಗದಲ್ಲಿದ್ದಾರೆ, ಅದು ಹಳೆಯ ಕಾಲೇಜಿನ ನಿಜವಾದ ಆಸ್ತಿ. ಯುವಿಸಿಇಯ ಕಟ್ಟಡ ನೋಡಿ ಮೂಗು ಮುರಿದ ಪೋಷಕರನ್ನು ನಾನು ಕಂಡಿದ್ದೇನೆ. ಅದೇ ಪೋಷಕರು ಗಾಜಿನ ಗೋಡೆಯ, ಹವಾನಿಯಂತ್ರಿತ ಸ್ವಾಗತ ಕೊಠಡಿಯ ಕಾಲೇಜಿನಲ್ಲಿ ಕಾಫಿ ಕುಡಿದು ಮೆಚ್ಚಿಕೊಂಡು ಬರುತ್ತಾರೆ.

ಆಡಳಿತದ ಸ್ವರೂಪದಲ್ಲಿ ನೋಡಬೇಕಾದುದು ಇಷ್ಟು. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸಂಯೋಜಿತವಾದ ಸಾಮಾನ್ಯ ಕಾಲೇಜಿನಲ್ಲಿ ಪಠ್ಯವೂ ಪ್ರಶ್ನೆಪತ್ರಿಕೆಯೂ ವಿಶ್ವವಿದ್ಯಾಲಯದ್ದು. ಸ್ವಾಯತ್ತ ಕಾಲೇಜಿನಲ್ಲಿ ಅವೆರಡೂ ಕಾಲೇಜಿನವು, ಪದವಿ ಮಾತ್ರ ವಿಟಿಯುದು. ಖಾಸಗಿ ವಿಶ್ವವಿದ್ಯಾಲಯದಲ್ಲಿ ಪದವಿಯೂ ಅದರದೇ. ಒಳ್ಳೆಯ ಅಧ್ಯಾಪಕರಿರುವ ಕಡೆ ಸ್ವಾಯತ್ತತೆ ವರ: ಪಠ್ಯ ಬೇಗ ಬದಲಾಗುತ್ತದೆ, ಫಲಿತಾಂಶ ಬೇಗ ಬರುತ್ತದೆ. ಅಧ್ಯಾಪಕರಿಲ್ಲದ ಕಡೆ ಅದು ಸುಲಭದ ಪ್ರಶ್ನೆಪತ್ರಿಕೆಗೆ ದಾರಿಯಾಗುತ್ತದೆ, ಮೂರನೆಯ ವರ್ಷದಲ್ಲಿ ಕಂಪನಿಯವರು ಪ್ರಶ್ನೆ ಕೇಳುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಮಾನ್ಯತೆಗಳ ವಿಷಯದಲ್ಲಿ ನ್ಯಾಕ್ ಮತ್ತು ಎನ್‌ಬಿಎ ಎರಡನ್ನೂ ಒಂದೇ ಎಂದು ಭಾವಿಸಬಾರದು. ನ್ಯಾಕ್ ಇಡೀ ಸಂಸ್ಥೆಗೆ ಕೊಡುವ ಗುರುತು; ಎನ್‌ಬಿಎ ಒಂದೊಂದು ಬ್ರಾಂಚಿಗೆ ಪ್ರತ್ಯೇಕವಾಗಿ, ನಿಗದಿತ ಅವಧಿಗೆ ಕೊಡುವ ಮಾನ್ಯತೆ. ಕಾಲೇಜಿನ ಗೇಟಿನ ಮೇಲೆ ‘ಎನ್‌ಬಿಎ ಮಾನ್ಯತೆ’ ಎಂದು ಬರೆದಿದ್ದರೆ ಯಾವ ಬ್ರಾಂಚಿಗೆ, ಯಾವ ವರ್ಷದವರೆಗೆ ಎಂದು ಕೇಳಬೇಕು. ನೀವು ಸೇರಬೇಕೆಂದಿರುವ ಹೊಸ ಹೆಸರಿನ ಬ್ರಾಂಚಿಗೆ ಅದು ಇಲ್ಲದಿರುವ ಸಾಧ್ಯತೆಯೇ ಹೆಚ್ಚು.

ಪ್ಲೇಸ್‌ಮೆಂಟ್ ಜಾಹೀರಾತುಗಳಲ್ಲಿ ‘ಗರಿಷ್ಠ ಪ್ಯಾಕೇಜ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಒಬ್ಬ ವಿದ್ಯಾರ್ಥಿಯ ಸಂಬಳ. ನಿಮ್ಮ ಮಗಳು ಆ ಒಬ್ಬಳಾಗುವುದು ಅದೃಷ್ಟ. ಆದರೆ ಲೆಕ್ಕ ಹಾಕಬೇಕಾದುದು ನಡುವಿನವರದು. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗಿನಲ್ಲಿ ಭಾಗವಹಿಸುವ ಕಾಲೇಜುಗಳು ತಾವು ಸಲ್ಲಿಸಿದ ಅಂಕಿ ಅಂಶಗಳನ್ನು ತಮ್ಮ ಜಾಲತಾಣದಲ್ಲಿ ಹಾಕಬೇಕು. ಆ ಕಡತದಲ್ಲಿ ಸೇರಿದವರೆಷ್ಟು, ನಾಲ್ಕೇ ವರ್ಷದಲ್ಲಿ ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಅವರ ಮಧ್ಯಾಂಕ ಸಂಬಳ ಎಷ್ಟು, ಉನ್ನತ ಶಿಕ್ಷಣಕ್ಕೆ ಹೋದವರೆಷ್ಟು ಎಂಬುದೆಲ್ಲ ಸಾಲಾಗಿ ಇರುತ್ತದೆ. ಜಾಹೀರಾತಿನ ಸಂಖ್ಯೆಯನ್ನೂ ಈ ಕಡತದ ಸಂಖ್ಯೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕೆಲವು ಕಾಲೇಜುಗಳ ಬಗ್ಗೆ ಬೇರೇನೂ ಕೇಳಬೇಕಾಗಿಲ್ಲ. ಅದಿಲ್ಲದ ಕಾಲೇಜಿನಲ್ಲಿ ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಮಾತನಾಡಿಸಿ; ಪ್ರಾಂಶುಪಾಲರ ಕೊಠಡಿಯಲ್ಲಿ ಅಲ್ಲ.

ಬ್ರಾಂಚ್ ಮೊದಲೋ ಕಾಲೇಜು ಮೊದಲೋ

ಇದು ಎಂದಿಗೂ ಮುಗಿಯದ ವಾದ. ಊರಿಗೇ ಗೊತ್ತಿಲ್ಲದ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಬೇಕೋ, ಹೆಸರಾದ ಕಾಲೇಜಿನ ಎಲೆಕ್ಟ್ರಾನಿಕ್ಸೋ ಮೆಕ್ಯಾನಿಕಲ್ಲೋ ಬೇಕೋ ಎಂದರೆ ನಾನು ಎರಡನೆಯದರ ಕಡೆಗೆ ವಾಲುತ್ತೇನೆ, ಒಂದು ಷರತ್ತಿನ ಮೇಲೆ: ಆ ವಿಷಯ ವಿದ್ಯಾರ್ಥಿಗೆ ಅಸಹ್ಯವಾಗಿರಬಾರದು. ಒಳ್ಳೆಯ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗೆ ಸಾಫ್ಟ್‌ವೇರ್ ಕಂಪನಿಗಳೂ ಬರುತ್ತವೆ, ಚಿಪ್ ವಿನ್ಯಾಸದ ಕಂಪನಿಗಳೂ ಬರುತ್ತವೆ. ಕಂಪನಿಗಳೇ ಹೆಜ್ಜೆ ಇಡದ ಕಾಲೇಜಿನಲ್ಲಿ ಬ್ರಾಂಚಿನ ಹೆಸರು ಏನಿದ್ದರೂ ಕೆಲಸವನ್ನು ಹುಡುಕಿಕೊಂಡು ಹೋಗಬೇಕು. ಎರಡನೆಯ ವರ್ಷದಲ್ಲಿ ಬ್ರಾಂಚ್ ಬದಲಿಸಿಕೊಳ್ಳುತ್ತೇನೆಂಬ ಧೈರ್ಯದಿಂದ ಮಾತ್ರ ಸೇರಬೇಡಿ, ಅಂಥ ಅವಕಾಶ ಕೆಲವೇ ಸೀಟುಗಳಿಗೆ ಸೀಮಿತ.

ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಸೈಬರ್ ಭದ್ರತೆ ಎಂಬ ಹೆಸರುಗಳ ಬ್ರಾಂಚುಗಳಲ್ಲಿ ತಿರುಳು ಕಂಪ್ಯೂಟರ್ ಸೈನ್ಸಿನದೇ. ದೇಶದ ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇಯು 2024-25ರಿಂದ ಒಂದು ಬ್ರಾಂಚಿನ ಸೀಟುಗಳಿಗೆ ಇದ್ದ ಮಿತಿಯನ್ನು ತೆಗೆದುಹಾಕಿದ ಮೇಲೆ, ಸಿವಿಲ್ ಮತ್ತು ಮೆಕ್ಯಾನಿಕಲ್ ಸೀಟುಗಳನ್ನು ಇಳಿಸಿ ಕಂಪ್ಯೂಟರ್ ವಿಭಾಗಗಳನ್ನು ಹಿಗ್ಗಿಸಿದ ಕಾಲೇಜುಗಳಿವೆ. ಆದ್ದರಿಂದ ಕಾಲೇಜಿಗೆ ಹೋದಾಗ ‘ಕಂಪ್ಯೂಟರ್ ಸೈನ್ಸಿನಲ್ಲಿ ಎಷ್ಟು ಸೆಕ್ಷನ್, ಎಷ್ಟು ಜನ ಕಾಯಂ ಅಧ್ಯಾಪಕರು’ ಎಂದು ಕೇಳಿ. ಈ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ ಒಳ್ಳೆಯ ಲಕ್ಷಣ.

ಆಪ್ಷನ್ ಎಂಟ್ರಿ: ನಾನು ಮಾಡಿದ ತಪ್ಪು

ಇಷ್ಟೆಲ್ಲ ಹೋಲಿಕೆ ಕೊನೆಗೆ ಬಂದು ನಿಲ್ಲುವುದು ಕೆಇಎ ಪರದೆಯ ಮೇಲಿನ ಒಂದು ಪಟ್ಟಿಯಲ್ಲಿ. ಬೇಕಾದ ಕಾಲೇಜು ಮತ್ತು ಬ್ರಾಂಚುಗಳನ್ನು ಆದ್ಯತೆಯ ಕ್ರಮದಲ್ಲಿ ಅದರಲ್ಲಿ ತುಂಬುವುದೇ ಆಪ್ಷನ್ ಎಂಟ್ರಿ. ಕಂಪ್ಯೂಟರ್ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗಿ, ಖಾಲಿ ಇರುವ ಮೊದಲ ಸೀಟನ್ನು ಕೊಟ್ಟು ಅಲ್ಲಿಗೆ ನಿಲ್ಲುತ್ತದೆ. ಮೇಲೆ ಹಾಕಿದ್ದು ಸಿಗದಿದ್ದರೆ ದಂಡವಿಲ್ಲ, ಕೆಳಗಿನ ಸೀಟಿಗೆ ತೊಂದರೆಯೂ ಇಲ್ಲ. ಇದನ್ನು ನಾನು ಸರಿಯಾಗಿ ತಿಳಿದುಕೊಳ್ಳುವ ಮೊದಲು ಒಂದು ಅನಾಹುತ ಮಾಡಿದೆ.

ನಮ್ಮ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ, 2ಎ, ಕನ್ನಡ ಮಾಧ್ಯಮ, ಗ್ರಾಮೀಣ, ಎಲ್ಲ ಪ್ರಮಾಣಪತ್ರಗಳೂ ಇದ್ದವು. ಸೈಬರ್ ಸೆಂಟರಿನಲ್ಲಿ ಅವಳ ತಂದೆ, ನಾನು, ಅವಳು ಒಂದೇ ಬೆಂಚಿನಲ್ಲಿ ಕೂತಿದ್ದೆವು. ಅವಳು 200 ಪುಟದ ನೋಟ್‌ಬುಕ್ಕಿನಲ್ಲಿ ಮೂರು ಬಣ್ಣದ ಪೆನ್ನಿನಿಂದ ಪಟ್ಟಿ ಬರೆದು ತಂದಿದ್ದಳು. ಹಸಿರಿನಲ್ಲಿ ಬರೆದಿದ್ದ ಮೊದಲ ಹೆಸರು ಮೈಸೂರಿನ ಒಂದು ಹಳೆಯ ಕಾಲೇಜು. ತಂದೆ ಕೇಳಿದ್ದು ಒಂದೇ: ಬಸ್ ಸ್ಟ್ಯಾಂಡಿನಿಂದ ಹಾಸ್ಟೆಲು ಎಷ್ಟು ದೂರ. ನಾನು ಹಿಂದಿನ ವರ್ಷದ ಸಾಮಾನ್ಯ ವರ್ಗದ ಕಟಾಫ್, ಅಂದರೆ ಕೊನೆಯ ಸೀಟು ಸಿಕ್ಕ ರ‍್ಯಾಂಕ್, ನೋಡಿ, ‘ಇದು ನಿನಗೆ ಬರುವುದಿಲ್ಲಮ್ಮ, ಸಿಗುವುದನ್ನು ಮೇಲೆ ಹಾಕು’ ಎಂದು ಜಿಲ್ಲಾ ಕೇಂದ್ರದ ಕಾಲೇಜನ್ನು ಮೊದಲು ಹಾಕಿಸಿದೆ. ಮೊದಲ ಸುತ್ತಿನಲ್ಲಿ ಅದೇ ಸಿಕ್ಕಿತು. ಆಮೇಲೆ ಪ್ರಕಟವಾದ ಕಟಾಫ್‌ನಲ್ಲಿ 2ಎಕೆ ಎಂಬ ಕಾಲಂ ನೋಡಿದಾಗ ಮೈಸೂರಿನ ಆ ಸೀಟು ಅವಳ ರ‍್ಯಾಂಕಿಗಿಂತ ಹಿಂದಿನ ರ‍್ಯಾಂಕಿನವರಿಗೆ ಹೋಗಿತ್ತು. ಮುಂದಿನ ಸುತ್ತಿಗೆ ಕಾಯೋಣವೆಂದರೆ, ಸಿಕ್ಕ ಆಪ್ಷನ್ನಿಗಿಂತ ಮೇಲಿರುವವನ್ನು ಮಾತ್ರ ಪರಿಗಣಿಸುತ್ತಾರೆ. ಅವಳ ಪಟ್ಟಿಯಲ್ಲಿ ಮೇಲೆ ಏನೂ ಇರಲಿಲ್ಲ. ಅವಳು ಏನೂ ಅನ್ನಲಿಲ್ಲ, ನೋಟ್‌ಬುಕ್ಕನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಅದರಿಂದ ನಾನು ಎರಡು ಪಾಠ ಕಲಿತೆ. ಕಟಾಫ್ ಪಟ್ಟಿಯಲ್ಲಿ ನಿಮ್ಮ ಕಾಲಮ್ಮನ್ನೇ ಓದಬೇಕು: ಜಿಎಂ ಎಂದರೆ ಸಾಮಾನ್ಯ ವರ್ಗ, ಕೊನೆಯಲ್ಲಿ ಕೆ ಇದ್ದರೆ ಕನ್ನಡ ಮಾಧ್ಯಮ, ಆರ್ ಇದ್ದರೆ ಗ್ರಾಮೀಣ, ಜಿ ಇದ್ದರೆ ಆ ವರ್ಗದ ಸಾಮಾನ್ಯ ಪಾಲು. ಮೊದಲ ಸುತ್ತಿನ ಕಟಾಫ್ ಜೊತೆಗೆ ಕೊನೆಯ ಸುತ್ತಿನದನ್ನೂ ನೋಡಬೇಕು, ಎರಡರ ನಡುವೆ ಸಾವಿರಾರು ರ‍್ಯಾಂಕಿನ ವ್ಯತ್ಯಾಸವಿರುವುದುಂಟು. ಎರಡನೆಯ ಪಾಠ, ಪಟ್ಟಿಯ ಕ್ರಮ ಆಸೆಯದ್ದಾಗಿರಬೇಕು, ಭಯದ್ದಲ್ಲ; ಭಯಕ್ಕೆ ಜಾಗ ಪಟ್ಟಿಯ ಉದ್ದದಲ್ಲಿದೆ. ಖಂಡಿತ ಸಿಗುವಂಥ ಹತ್ತು ಹದಿನೈದು ಆಪ್ಷನ್‌ಗಳನ್ನು ಕೆಳಗೆ ಸೇರಿಸಿ, ಸಿಕ್ಕರೂ ಸೇರುವುದಿಲ್ಲವೆಂದು ಖಚಿತವಿರುವ ಯಾವುದನ್ನೂ ಸೇರಿಸಬೇಡಿ. ಅಣಕು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್, ಬಂದ ದಿನ ಮನೆಯವರೆಲ್ಲ ಕೂತು ಪಟ್ಟಿಯನ್ನು ಮತ್ತೊಮ್ಮೆ ಓದಿ. ಸಾಮಾನ್ಯವಾಗಿ ಮೊದಲ ಸುತ್ತಿನ ನಂತರ ಇದ್ದುದನ್ನು ಅಳಿಸಬಹುದು, ಮೇಲೆ ಕೆಳಗೆ ಮಾಡಬಹುದು, ಆದರೆ ಹೊಸದನ್ನು ಸೇರಿಸಲಾಗದು.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್‌ಗಳು ಬರುತ್ತವೆ. ಒಂದನೆಯದು, ಸೀಟು ಒಪ್ಪಿದೆ, ಸೇರುತ್ತೇನೆ. ಎರಡನೆಯದು, ಇದನ್ನು ಇಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಪ್ರಯತ್ನಿಸುತ್ತೇನೆ. ಮೇಲಿನದು ಸಿಕ್ಕ ಕೂಡಲೇ ಹಳೆಯದು ತಾನಾಗಿಯೇ ರದ್ದಾಗುತ್ತದೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ಬಿಟ್ಟ ಸೀಟು ಮರಳುವುದಿಲ್ಲ. ನಾಲ್ಕನೆಯದು, ಈ ಪ್ರಕ್ರಿಯೆಯಿಂದಲೇ ಹೊರಗೆ. ಗೊಂದಲವಾಗುವುದು ಎರಡು ಮತ್ತು ಮೂರರ ನಡುವೆ. ಸಿಕ್ಕ ಸೀಟಿಗೆ ಸೇರಲು ಮನಸ್ಸು ಅರ್ಧದಷ್ಟಾದರೂ ಒಪ್ಪಿದರೆ ಎರಡು, ಒಂದಿಷ್ಟೂ ಒಪ್ಪದಿದ್ದರೆ ಮೂರು. ಕಾಮೆಡ್‌ಕೆಯ ಸೀಟನ್ನೂ ಕೈಯಲ್ಲಿ ಹಿಡಿದಿರುವವರು ಅಲ್ಲಿ ಹಣ ವಾಪಸು ಸಿಗುವ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿಕೊಳ್ಳಬೇಕು.

ಫೈಲಿನೊಳಗೆ ಇರಬೇಕಾದವು

ಹೆಚ್ಚಿನ ಸೀಟುಗಳು ಕೈತಪ್ಪುವುದು ರ‍್ಯಾಂಕಿನಿಂದಲ್ಲ, ಕಾಗದದಿಂದ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿನ ಆರ್‌ಡಿ ಸಂಖ್ಯೆಯನ್ನು ಕೆಇಎ ಆನ್‌ಲೈನಿನಲ್ಲಿ ತಾಳೆ ನೋಡುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಜಾತಿ ಪ್ರಮಾಣಪತ್ರದಲ್ಲಿ ಹೆಸರಿನ ಮುಂದೆ ಇದ್ದು, ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲದಿರುವುದು ನಮ್ಮ ಕಡೆ ತೀರಾ ಸಾಮಾನ್ಯ. ಪ್ರಥಮ ಪಿಯುಸಿಯ ರಜೆಯಲ್ಲಿಯೇ ಅಂಕಪಟ್ಟಿಯಲ್ಲಿರುವ ಹೆಸರಿಗೆ ಹೊಂದುವಂತೆ ನಾಡಕಚೇರಿಯಲ್ಲಿ ಹೊಸ ಪ್ರಮಾಣಪತ್ರ ಮಾಡಿಸಿಕೊಂಡರೆ ಮೇ ತಿಂಗಳ ಸರತಿ ಸಾಲು ತಪ್ಪುತ್ತದೆ. ಒಂದರಿಂದ ಹತ್ತರವರೆಗಿನ ವ್ಯಾಸಂಗ, ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಕೇಳುವುದುಂಟು. ಮೂರು ಶಾಲೆಗಳಲ್ಲಿ ಓದಿದ್ದರೆ ಮೂರೂ ಶಾಲೆಗಳಿಂದ ತರಬೇಕು, ಅವುಗಳಲ್ಲಿ ಒಂದು ಮುಚ್ಚಿಹೋಗಿದ್ದರೆ ಬಿಇಒ ಕಚೇರಿಯಲ್ಲಿಯೇ ದಾಖಲೆ ಹುಡುಕಿಸಬೇಕು. ಶಾಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಕೊಡುವ ಎಸ್‌ಎಟಿಎಸ್ ಗುರುತಿನ ಸಂಖ್ಯೆಯ ಮೂಲಕ ವ್ಯಾಸಂಗದ ವಿವರ ತಾನಾಗಿಯೇ ಬಂದರೂ, ಅದರಲ್ಲಿ ಮಾಧ್ಯಮ ‘ಇಂಗ್ಲಿಷ್’ ಎಂದು ತಪ್ಪಾಗಿ ದಾಖಲಾಗಿದೆಯೇ ಎಂದು ಅರ್ಜಿಯ ಹೊತ್ತಿಗೇ ನೋಡಿಕೊಳ್ಳಬೇಕು.

ಕಾಲೇಜಿಗೆ ಸೇರುವ ದಿನ ಮೂಲ ದಾಖಲೆಗಳನ್ನು ಕಾಲೇಜಿನವರು ಇಟ್ಟುಕೊಂಡರೆ ಪಟ್ಟಿ ಮಾಡಿದ ಸ್ವೀಕೃತಿ ಕೇಳಿ ಪಡೆಯಿರಿ. ಅದಕ್ಕೂ ಮೊದಲು ಮೂರು ಸೆಟ್ ಜೆರಾಕ್ಸ್ ಮಾಡಿಸಿ: ಒಂದು ಹಾಸ್ಟೆಲ್ ಅರ್ಜಿಗೆ, ಒಂದು ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ಲಿನ ವಿದ್ಯಾರ್ಥಿವೇತನದ ಅರ್ಜಿಗೆ, ಇನ್ನೊಂದು ಊರಿನ ಮನೆಯ ಟ್ರಂಕಿಗೆ.